ಪತ್ರಿಕಾಧಿಪತಿಗಳೂ ರಾಜಕಾರಣವೂ: 1931ರ ಲಂಡನ್ ಉಪಚುನಾವಣೆಯ ಪರಿಶೀಲನೆ

ವೃತ್ತಪತ್ರಿಕೆಗಳ ಒಡೆಯರು ಪ್ರಜಾಭಿಪ್ರಾಯವನ್ನು ಸ್ವೇಚ್ಛೆಯಾಗಿ ರೂಪಿಸಬಲ್ಲರೆಂಬ ನಂಬಿಕೆಯು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಇಂಗ್ಲೆಂಡಿನಲ್ಲಿ ಬಲವಾಗಿ ಬೇರೂರಿದ್ದಿತು. ಆದರೆ ಅಲ್ಲಿಯ ಸಂಗತಿಗಳನ್ನು ತೂಗಿ ನೋಡಿದರೆ, ಆ ಒಡೆಯರಿಗೆ ವಶವಾಗಿದ್ದುದು ಮತದಾರರ ಮನಸ್ಸಿಗಿಂತ ಹೆಚ್ಚಾಗಿ ರಾಜಕಾರಣಿಗಳ ಅಂಜಿಕೆಯೆಂದು ನನಗೆ ತೋರುತ್ತದೆ.

1896ರಲ್ಲಿ ಅರ್ಧ ಪೆನ್ನಿಗೆ ‘ಡೈಲಿ ಮೇಲ್’ ಪತ್ರಿಕೆಯನ್ನು ಹೊರಡಿಸಿ, 1908ರಲ್ಲಿ ‘ದಿ ಟೈಮ್ಸ್’ ಪತ್ರಿಕೆಯನ್ನೂ ಕೈವಶ ಮಾಡಿಕೊಂಡ ನಾರ್ತ್‌ಕ್ಲಿಫನು ಗುಮಾಸ್ತನ ಮನೆಯನ್ನೂ ಮಂತ್ರಿಯ ಮೇಜನ್ನೂ ಒಟ್ಟಿಗೇ ಮುಟ್ಟಬಲ್ಲವನಾಗಿದ್ದನು. ಆದರೂ 1915ರ ಮೇ 21ರಂದು, ಫಿರಂಗಿ ಗುಂಡುಗಳ ಅಭಾವಕ್ಕೆ ಯುದ್ಧಮಂತ್ರಿ ಕಿಚನರನೇ ಹೊಣೆಯೆಂದು ‘ಡೈಲಿ ಮೇಲ್’ ಬರೆದಾಗ, ಲಂಡನ್ನಿನ ಷೇರುಪೇಟೆಯಲ್ಲಿ ಅದರ ಪ್ರತಿಗಳನ್ನು ಸುಟ್ಟರು, ಪ್ರಸಾರ ಕುಸಿಯಿತು. ಗುಂಡುಗಳ ಅಭಾವವು ನಿಜವೇ ಆಗಿದ್ದಿತೆಂಬುದನ್ನು ಇಲ್ಲಿ ಮರೆಯಲಾಗದು. ನಿಜವನ್ನು ಹೇಳಿದಾಗಲೂ ಓದುಗರು ಒಡೆಯನ ಹಿಂದೆ ಹೋಗಲಿಲ್ಲ.

ಹದಿನೈದು ವರ್ಷಗಳ ತರುವಾಯ ನಾರ್ತ್‌ಕ್ಲಿಫನ ತಮ್ಮ ರಾದರ್ಮಿಯರನೂ, ‘ಡೈಲಿ ಎಕ್ಸ್‌ಪ್ರೆಸ್’ನ ಒಡೆಯ ಬೀವರ್‌ಬ್ರೂಕನೂ ಕನ್ಸರ್ವೇಟಿವ್ ಪಕ್ಷದ ನಾಯಕ ಬಾಲ್ಡ್ವಿನ್ನನನ್ನು ಕೆಳಗಿಳಿಸಲು ಹೊರಟರು. ಸಾಮ್ರಾಜ್ಯದ ಸುಂಕನೀತಿಯೊಂದು ಕಾರಣ. ಭಾರತಕ್ಕೆ ಸ್ವಾಧಿಕಾರ ಕೊಡುವ ವಿಚಾರದಲ್ಲಿ ಬಾಲ್ಡ್ವಿನ್ನನು ತೋರಿದ ಅನುಕೂಲಭಾವದ ಮೇಲೆ ರಾದರ್ಮಿಯರನಿಗಿದ್ದ ಕೋಪ ಮತ್ತೊಂದು. ಮುಂದಿನ ಮಂತ್ರಿಮಂಡಲದ ಎಂಟು ಹತ್ತು ಮಂದಿ ಪ್ರಮುಖರ ಹೆಸರುಗಳು ಮೊದಲೇ ತಿಳಿಯದ ಹೊರತು ಬಾಲ್ಡ್ವಿನ್ನನಿಗೆ ಬೆಂಬಲವೀಯುವುದಿಲ್ಲವೆಂದು ರಾದರ್ಮಿಯರನು ಬರೆದ ಪತ್ರವನ್ನು, 1930ರ ಜೂನಿನಲ್ಲಿ, ಬಾಲ್ಡ್ವಿನ್ನನು ಪಕ್ಷದ ಸಭೆಯಲ್ಲಿಯೇ ಗಟ್ಟಿಯಾಗಿ ಓದಿಬಿಟ್ಟನು. ಒಬ್ಬ ವ್ಯಾಪಾರಿಯು ರಾಜ್ಯದ ಮಂತ್ರಿಗಳ ಪಟ್ಟಿಯನ್ನು ತನ್ನ ಒಪ್ಪಿಗೆಗೆ ತರಿಸಿಕೊಳ್ಳಬಯಸಿದ ಧಾರ್ಷ್ಟ್ಯವು ಇಂದಿಗೂ ಮನಸ್ಸನ್ನು ಕಲಕುತ್ತದೆ. 1931ರ ಮಾರ್ಚ್ 17ರಂದು, ಹೊಣೆಯಿಲ್ಲದ ಅಧಿಕಾರವನ್ನು ಬಯಸುವವರೆಂದು ಬಾಲ್ಡ್ವಿನ್ನನು ಆ ಇಬ್ಬರು ಒಡೆಯರನ್ನೂ ಬಹಿರಂಗವಾಗಿ ಖಂಡಿಸಿದನು; ಎರಡು ದಿನಗಳ ಮೇಲೆ ವೆಸ್ಟ್‌ಮಿನ್‌ಸ್ಟರಿನ ಸೇಂಟ್ ಜಾರ್ಜ್ ಕ್ಷೇತ್ರದ ಉಪಚುನಾವಣೆಯಲ್ಲಿ ಅವನ ಅಭ್ಯರ್ಥಿ ಡಫ್ ಕೂಪರನು, ಪತ್ರಿಕಾಧಿಪತಿಗಳ ಬೆಂಬಲವಿದ್ದ ಪೆಟರನನ್ನು 5,710 ಮತಗಳಿಂದ ಸೋಲಿಸಿದನು.

ಈ ಗೆಲುವಿನಿಂದ ಪತ್ರಿಕಾಧಿಪತಿಗಳ ಶಕ್ತಿಯೇ ಮಿಥ್ಯೆಯೆಂದು ತೀರ್ಮಾನಿಸುವುದು ಸಲ್ಲದು. ತಾನು ಪತ್ರಿಕೆಯನ್ನು ನಡೆಸುವುದು ಪ್ರಚಾರಕ್ಕಾಗಿಯೇ ಎಂದು ಬೀವರ್‌ಬ್ರೂಕನು ಮುಂದೆ, 1947ರಲ್ಲಿ ನೇಮಕವಾದ ಪತ್ರಿಕಾ ಆಯೋಗದ ಮುಂದೆ ನಿಸ್ಸಂಕೋಚವಾಗಿ ನುಡಿದನು. ರಾದರ್ಮಿಯರನ ಪತ್ರವು ಸಭೆಯಲ್ಲಿ ಓದಲ್ಪಟ್ಟುದರಿಂದ ನಮಗೆ ದೊರೆತಿದೆ. ಅಂತಹ ಪತ್ರವನ್ನು ಮಡಿಸಿಟ್ಟುಕೊಂಡು ಮರುದಿನ ಮೌನವಾಗಿ ನೀತಿಯನ್ನು ಬದಲಿಸುವ ಮಂತ್ರಿಯ ಮೇಲೆ ಒಡೆಯನಿಗಿರುವ ಹಿಡಿತವನ್ನು ಮತಗಳ ಎಣಿಕೆಯಲ್ಲಿ ಅರಸಿ ಫಲವಿಲ್ಲ, ಮಂತ್ರಿಗಳ ಖಾಸಗಿ ಕಾಗದಪತ್ರಗಳಲ್ಲಿ ಅರಸಬೇಕಾಗಿದೆ.