ಉಳಿದದ್ದು, ಅಳಿದದ್ದು, ನಗಿಸಿದ್ದು: ಮರೆತುಹೋದ ಬ್ರಿಟಿಷ್ ಹಾಸ್ಯ ಧಾರಾವಾಹಿಗಳಿಗೆ ಬೆಲೆ ಕಟ್ಟುವ ಬಗೆ

ಬ್ರಿಟಿಷ್ ಟೆಲಿವಿಷನ್ನಿನ ಹಳೆಯ ಹಾಸ್ಯ ಧಾರಾವಾಹಿಗಳ ಮಾತು ಬಂದಾಗ ‘ಡ್ಯಾಡ್ಸ್ ಆರ್ಮಿ’, ‘ಸ್ಟೆಪ್ಟೋ ಅಂಡ್ ಸನ್’, ‘ಫಾಲ್ಟಿ ಟವರ್ಸ್’ ಮೊದಲಾದ ಕೆಲವೇ ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. 1950ರಿಂದ 1980ರ ನಡುವೆ ಬಿಬಿಸಿಯೂ ಐಟಿವಿ ಜಾಲದ ಕಂಪನಿಗಳೂ ತಯಾರಿಸಿದ ಉಳಿದ ಧಾರಾವಾಹಿಗಳು ಗುಣ ಸಾಲದೆ ಹಿಂದೆ ಬಿದ್ದವು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಪ್ರಸ್ತುತ ಲೇಖನ ಈ ಗ್ರಹಿಕೆಯನ್ನು ಒಪ್ಪುವುದಿಲ್ಲ. ಇಲ್ಲಿ ಕೀರ್ತಿ ಬಹುಮಟ್ಟಿಗೆ ಪ್ರತಿಯ ಉಳಿವನ್ನೂ ಮರುಪ್ರಸಾರವನ್ನೂ ಆಧರಿಸಿದೆ. ಆದ್ದರಿಂದ ಆಕರದ ಪರಿಶೀಲನೆ ಮೊದಲು, ಬೆಲೆ ಕಟ್ಟುವ ಕೆಲಸ ಆಮೇಲೆ ಎಂಬುದು ಇಲ್ಲಿನ ವಾದ.

1. ಆಕರಗಳ ಸ್ಥಿತಿ

ಬ್ರಿಟನ್ನಿನ ಮೊದಲ ಟೀವಿ ಹಾಸ್ಯ ಧಾರಾವಾಹಿ ಎಂದು ಗುರುತಿಸಲಾಗುವ ‘ಪಿನ್‌ರೈಟ್ಸ್ ಪ್ರೋಗ್ರೆಸ್’ 1946–47ರಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ನೇರ ಪ್ರಸಾರವಾಯಿತು. ಅದರ ಒಂದು ಕಂತೂ ಧ್ವನಿಚಿತ್ರವಾಗಿ ಉಳಿದಿಲ್ಲ. ವಿಡಿಯೋ ಟೇಪು ಬಳಕೆಗೆ ಬಂದ ಮೇಲೂ ಪರಿಸ್ಥಿತಿ ಹೆಚ್ಚು ಸುಧಾರಿಸಲಿಲ್ಲ. ಎರಡು ಅಂಗುಲ ಅಗಲದ ಆ ಟೇಪು ದುಬಾರಿಯಾಗಿತ್ತು, ಅಳಿಸಿದರೆ ಮತ್ತೆ ಬಳಕೆಗೆ ಬರುತ್ತಿತ್ತು. ನಟರ ಸಂಘ ಈಕ್ವಿಟಿಯೊಂದಿಗೂ ಸಂಗೀತಗಾರರ ಸಂಘದೊಂದಿಗೂ ಆಗಿದ್ದ ಒಪ್ಪಂದಗಳು ಮರುಪ್ರಸಾರಕ್ಕೆ ಮಿತಿ ಹಾಕಿದ್ದವು. 1967ರಲ್ಲಿ ಬಿಬಿಸಿ-2ಕ್ಕೂ 1969ರ ನವೆಂಬರಿನಲ್ಲಿ ಬಿಬಿಸಿ-1 ಮತ್ತು ಐಟಿವಿಗೂ ಬಣ್ಣ ಬಂತು. ಕಪ್ಪು-ಬಿಳುಪು ಕಾರ್ಯಕ್ರಮಗಳನ್ನು ಕೇಳುವವರು ಕಡಿಮೆಯಾದರು. 1970ರ ದಶಕದ ಕೊನೆಯಲ್ಲಿ ಬಿಬಿಸಿ ಸಂರಕ್ಷಣೆಯ ನೀತಿಗೆ ಹೊರಳುವಷ್ಟರಲ್ಲಿ ಸಾಕಷ್ಟು ನಷ್ಟ ಆಗಿಹೋಗಿತ್ತು.

ಹೀಗೆ ಅಳಿಸುವಾಗ ಗುಣವನ್ನು ಯಾರೂ ತೂಗಿ ನೋಡಿರಲಿಲ್ಲ. ಜಿಮ್ಮಿ ಪೆರಿ ಡೇವಿಡ್ ಕ್ರಾಫ್ಟ್ ಜೊತೆ ಬರೆದ ‘ಡ್ಯಾಡ್ಸ್ ಆರ್ಮಿ’ಯ 80 ಕಂತುಗಳಲ್ಲಿ ಇಂದು ಕಾಣೆಯಾಗಿರುವುದು ಮೂರೇ. ಕಳೆದುಹೋಗಿದ್ದ ಇನ್ನೆರಡು 2001ರಲ್ಲಿ ಫಿಲ್ಮ್ ರೂಪದಲ್ಲಿ ಮರಳಿ ಸಿಕ್ಕವು. ಅದೇ ಪೆರಿ 1969ರಲ್ಲಿ ಬರೆದ, ಟೆರಿ ಸ್ಕಾಟ್ ಮತ್ತು ಹ್ಯೂ ಲಾಯ್ಡ್ ತೋಟದ ಕುಳ್ಳ ಬೊಂಬೆಗಳಾಗಿ ನಟಿಸಿದ ‘ದಿ ನೋಮ್ಸ್ ಆಫ್ ಡಲ್ವಿಚ್’ನ ಆರು ಕಂತುಗಳಲ್ಲಿ ಒಂದೂ ಉಳಿದಿಲ್ಲ. ಒಂದು ಮನೆಮಾತಾಯಿತು, ಇನ್ನೊಂದು ಕೋಶಗಳಲ್ಲಿನ ಬರಿಯ ನಮೂದಾಯಿತು. ಎರಡರ ಗುಣವನ್ನು ಹೋಲಿಸಿ ನೋಡುವ ಅವಕಾಶವೇ ನಮಗಿಲ್ಲ.

ಉಳಿದ ಪ್ರತಿಗಳೂ ಮೂಲದ ರೂಪದಲ್ಲೇ ಇರಬೇಕೆಂದಿಲ್ಲ. ಗಾಲ್ಟನ್ ಮತ್ತು ಸಿಂಪ್ಸನ್ ಬರೆದ ‘ಸ್ಟೆಪ್ಟೋ’ದ 1970ರ ಕಂತುಗಳು ಬಣ್ಣದಲ್ಲಿ ತಯಾರಾದವು. ಅವುಗಳಲ್ಲಿ ಹೆಚ್ಚಿನವು ಲೇಖಕರಿಗಾಗಿ ಮಾಡಿಕೊಟ್ಟ ಕಪ್ಪು-ಬಿಳುಪು ಪ್ರತಿಗಳಿಂದಲೇ ಇಂದು ಲಭ್ಯ. 1970–71ರ ಚಳಿಗಾಲದಲ್ಲಿ ಐಟಿವಿ ತಂತ್ರಜ್ಞರು ಬಣ್ಣದ ಕ್ಯಾಮೆರಾಗಳನ್ನು ಮುಟ್ಟದೆ ಮುಷ್ಕರ ಹೂಡಿದ್ದರಿಂದ ಆ ಕಾಲದ ಕೆಲವು ಕಂತುಗಳು ಹುಟ್ಟಿದ್ದೇ ಕಪ್ಪು-ಬಿಳುಪಿನಲ್ಲಿ. ಈ ಎರಡು ಬಗೆಗಳನ್ನು ಬೇರ್ಪಡಿಸಿ ನೋಡದಿದ್ದರೆ ಪ್ರತಿಯ ದೋಷ ಕೃತಿಯ ದೋಷವಾಗಿ ಕಾಣುವ ಅಪಾಯವಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1993ರಿಂದ ನಡೆಸುತ್ತಿರುವ ‘ಮಿಸ್ಸಿಂಗ್ ಬಿಲೀವ್ಡ್ ವೈಪ್ಡ್’ ಯೋಜನೆಯಂಥ ಹುಡುಕಾಟಗಳಿಂದಾಗಿ ಆಕರಗಳ ಪಟ್ಟಿ ಇಂದಿಗೂ ಬದಲಾಗುತ್ತಲೇ ಇದೆ.

2. ಅಳತೆಗೋಲು

ಕನ್ನಡ ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಈ ಸಮಸ್ಯೆ ಹೊಸದಲ್ಲ. ರನ್ನನ ‘ಪರಶುರಾಮಚರಿತ’ ಸಿಕ್ಕಿಲ್ಲ. ಹಾಗೆಂದು ಅದನ್ನು ಕಳಪೆ ಕಾವ್ಯ ಎನ್ನುವವರಿಲ್ಲ, ಶ್ರೇಷ್ಠವೆಂದು ಸಾಧಿಸಲು ಹೊರಡುವವರೂ ಇಲ್ಲ. ಕಳೆದುಹೋದ ಧಾರಾವಾಹಿಗಳ ವಿಷಯದಲ್ಲೂ ಈ ಸಂಯಮ ಬೇಕು.

ಉಳಿದವನ್ನು ಅವುಗಳ ತಯಾರಿಕೆಯ ಕ್ರಮದ ಹಿನ್ನೆಲೆಯಲ್ಲಿಯೇ ನೋಡಬೇಕು. ಬ್ರಿಟಿಷ್ ಪದ್ಧತಿಯಲ್ಲಿ ಒಂದು ಸರಣಿಗೆ ಆರೇಳು ಕಂತು. ಬರೆಯುವವರು ಒಬ್ಬರೋ ಇಬ್ಬರೋ. ವಾರವಿಡೀ ತಾಲೀಮು ಮಾಡಿ ಕೊನೆಗೆ ಸ್ಟುಡಿಯೋದಲ್ಲಿ ಕುಳಿತ ಪ್ರೇಕ್ಷಕರ ಮುಂದೆ ಚಿತ್ರೀಕರಿಸುತ್ತಿದ್ದರು. ಒಳಾಂಗಣ ದೃಶ್ಯಗಳು ವಿಡಿಯೋ ಟೇಪಿನಲ್ಲಿ, ಹೊರಾಂಗಣದವು 16 ಮಿ.ಮೀ. ಫಿಲ್ಮಿನಲ್ಲಿ. ಪಾತ್ರವೊಂದು ಬಾಗಿಲು ದಾಟಿ ಬೀದಿಗೆ ಇಳಿದೊಡನೆ ಚಿತ್ರದ ಮೈಬಣ್ಣವೇ ಬದಲಾಗುವುದು ಇದರಿಂದ. ಅದನ್ನು ಕುಂದೆಂದು ಎಣಿಸಬಾರದು. ಗೋಡೆ ಅಲುಗಾಡಿತು, ನಟ ಮಾತು ತಡವರಿಸಿದ ಎಂಬುದೂ ಮುಖ್ಯವಲ್ಲ; ರಂಗಭೂಮಿಗೆ ಹತ್ತಿರವಾದ ಈ ಮಾಧ್ಯಮದಲ್ಲಿ ಅವು ಸಹಜ.

ಕೇಳಬೇಕಾದ ಮುಖ್ಯ ಪ್ರಶ್ನೆಗಳು ಎರಡು. ಪಾತ್ರಗಳು ಒಬ್ಬರನ್ನೊಬ್ಬರು ಬಿಟ್ಟುಹೋಗದಂತೆ ಕಟ್ಟಿಹಾಕಿರುವುದು ಏನು? ನಗೆ ಯಾರ ಕಡೆ ತಿರುಗಿದೆ?

3. ಮೂರು ನಿದರ್ಶನಗಳು

ರೊನಾಲ್ಡ್ ವೋಲ್ಫ್ ಮತ್ತು ರೊನಾಲ್ಡ್ ಚೆಸ್ನಿ ಬರೆದ ‘ದಿ ರ‍್ಯಾಗ್ ಟ್ರೇಡ್’ (ಬಿಬಿಸಿ, 1961–63) ಫೆನರ್ ಫ್ಯಾಶನ್ಸ್ ಎಂಬ ಸಣ್ಣ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನಡೆಯುತ್ತದೆ. ಯಜಮಾನ ಫೆನರ್ ಪಾತ್ರದಲ್ಲಿ ಪೀಟರ್ ಜೋನ್ಸ್, ಮೇಸ್ತ್ರಿ ರೆಜ್ ಆಗಿ ರೆಜ್ ವಾರ್ನಿ, ಕಾರ್ಮಿಕ ಮುಖಂಡೆ ಪ್ಯಾಡಿಯಾಗಿ ಮಿರಿಯಮ್ ಕಾರ್ಲಿನ್. ಯಜಮಾನನ ಬೆನ್ನು ತಿರುಗಿದ ಕೂಡಲೇ ಹೆಂಗಸರು ಸ್ವಂತ ಲಾಭದ ಉಪಾಯಕ್ಕೆ ಕೈಹಾಕುತ್ತಾರೆ, ಅವನು ಬಂದರೆ ಎಲ್ಲವನ್ನೂ ಮರೆಮಾಚುತ್ತಾರೆ. ಮಾತು ಬಿಗಡಾಯಿಸಿತೋ, ಪ್ಯಾಡಿ ಸೀಟಿ ಊದಿ ‘ಎಲ್ಲರೂ ಹೊರಗೆ!’ ಎಂದು ಕೂಗುತ್ತಾಳೆ, ಯಂತ್ರಗಳು ನಿಲ್ಲುತ್ತವೆ. ಫೆನರ್‌ಗೆ ಇವರಿಲ್ಲದೆ ಆರ್ಡರು ಪೂರೈಸಲಾಗದು, ಇವರಿಗೆ ಅವನಿಲ್ಲದೆ ಕೂಲಿಯಿಲ್ಲ. ಮೇಸ್ತ್ರಿ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಬಿದ್ದವನು. ಕಟ್ಟು ಇಷ್ಟು ಬಿಗಿಯಾಗಿರುವುದರಿಂದ ಸೀಟಿಯ ಸದ್ದು ಕಂತು ಕಂತಿಗೂ ಹೊಸ ಅರ್ಥ ಪಡೆಯುತ್ತದೆ: ಒಮ್ಮೆ ನ್ಯಾಯದ ಬೇಡಿಕೆ, ಇನ್ನೊಮ್ಮೆ ಬರೀ ನೆಪ. ಚತುರ ಮಾತಿನ ಸಿಂಹಪಾಲು ದುಡಿಯುವ ಹೆಂಗಸರಿಗೆ ಸಿಕ್ಕಿರುವುದು ಆ ಕಾಲಕ್ಕೆ ವಿಶೇಷ. 1977ರಲ್ಲಿ ಲಂಡನ್ ವೀಕೆಂಡ್ ಟೆಲಿವಿಷನ್ ಇದನ್ನು ಹೊಸದಾಗಿ ತೆಗೆದಾಗ ಜೋನ್ಸ್ ಮತ್ತು ಕಾರ್ಲಿನ್ ಮರಳಿ ಬಂದರು.

ಪಾಲಿನ್ ಡೆವನಿ ಮತ್ತು ಎಡ್ವಿನ್ ಆ್ಯಪ್ಸ್ ಬರೆದ ‘ಆಲ್ ಗ್ಯಾಸ್ ಅಂಡ್ ಗೇಟರ್ಸ್’ 1966ರಲ್ಲಿ ‘ಕಾಮೆಡಿ ಪ್ಲೇಹೌಸ್’ ಮಾಲಿಕೆಯ ಬಿಡಿ ನಾಟಕವಾಗಿ ಬಂದು 1971ರವರೆಗೆ ನಡೆಯಿತು. ಸೇಂಟ್ ಆಗ್ಸ್ ಎಂಬ ಕಲ್ಪಿತ ಕ್ಯಾಥೆಡ್ರಲ್ಲಿನ ಬಿಷಪ್, ವೃದ್ಧ ಆರ್ಚ್‌ಡೀಕನ್, ಪೆದ್ದುತನದ ಚಾಪ್ಲೇನ್ ನೂಟ್ ತಮ್ಮ ಪಾಡಿಗೆ ಸುಖವಾಗಿರಬೇಕೆಂದು ಬಯಸುವವರು. ಅವರನ್ನು ಶಿಸ್ತಿಗೆ ತರಲು ಹೊರಟವನು ಡೀನ್. 1920ರ ದಶಕದ ಆಲ್ಡ್‌ವಿಚ್ ಪ್ರಹಸನಗಳಲ್ಲಿ ಪಳಗಿದ್ದ ರಾಬರ್ಟ್‌ಸನ್ ಹೇರ್ ಆರ್ಚ್‌ಡೀಕನ್ ಆದದ್ದರಿಂದ ರಂಗಭೂಮಿಯ ಹಳೆಯ ಲಯ ಟೀವಿಗೆ ನೇರವಾಗಿ ಇಳಿದುಬಂತು. ನಗೆ ತಿರುಗಿರುವುದು ಪಾದ್ರಿಗಳ ಅಧಿಕಾರ ಮತ್ತು ಸೋಮಾರಿತನದ ಕಡೆಗೆ. ಭಕ್ತರ ನಂಬಿಕೆಯನ್ನು ಅದು ಮುಟ್ಟುವುದಿಲ್ಲ. ಆದರೆ 33 ಕಂತುಗಳಲ್ಲಿ ಉಳಿದಿರುವುದು 11. ಧಾರಾವಾಹಿ ಮುಂದುವರಿದಂತೆ ಮಾಗಿತೋ ಸೊರಗಿತೋ ಎಂದು ಮೂರನೆಯ ಒಂದು ಭಾಗ ನೋಡಿ ಖಚಿತವಾಗಿ ಹೇಳುವುದು ತಪ್ಪಾಗುತ್ತದೆ. ಇದು ಮರೆವಿಗೆ ಸಂದುದಕ್ಕೆ ಗುಣದ ಕೊರತೆಗಿಂತ ಮರುಪ್ರಸಾರಕ್ಕೆ ಕಂತುಗಳೇ ಸಾಲದಿರುವುದು ಹೆಚ್ಚು ಸಂಭಾವ್ಯ ಕಾರಣ.

ಜಾನಿ ಸ್ಪೈಟ್ ಬರೆದ ‘ಕರಿ ಅಂಡ್ ಚಿಪ್ಸ್’ (ಲಂಡನ್ ವೀಕೆಂಡ್ ಟೆಲಿವಿಷನ್, 1969) ಇದಕ್ಕೆ ವಿರುದ್ಧವಾದ ನಿದರ್ಶನ. ಅಹಮದ್‌ನಗರದಲ್ಲಿ ಹುಟ್ಟಿದ ಸ್ಪೈಕ್ ಮಿಲಿಗನ್ ಇಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು, ಐರಿಷ್ ಹೆಸರಿನ ಪಾಕಿಸ್ತಾನಿ ಕಾರ್ಮಿಕನಾಗಿ ನಟಿಸಿದ. ಜನಾಂಗ ದ್ವೇಷವನ್ನು ಲೇವಡಿ ಮಾಡುವುದು ಸ್ಪೈಟ್‌ನ ಉದ್ದೇಶ. ದ್ವೇಷದ ಬೈಗುಳಗಳು ಎಡೆಬಿಡದೆ ಬರುವಾಗ ಕಾರ್ಮಿಕನಿಗೆ ಅದಕ್ಕೆ ಸಮನಾದ ಜಾಣ್ಮೆಯ ಮಾತನ್ನು ಕೃತಿ ಕೊಟ್ಟಿಲ್ಲ. ಪ್ರೇಕ್ಷಕರು ನಗುವುದು ಬೈಗುಳ ಕೇಳಿಬಂದ ಕ್ಷಣದಲ್ಲೇ. ಬೈದವನ ಮೂರ್ಖತನ ಬಯಲಾಗುವವರೆಗೆ ಆ ನಗೆ ಕಾಯುವುದಿಲ್ಲ. ಪ್ರಸಾರ ನಿಯಂತ್ರಣ ಸಂಸ್ಥೆಯ ಒತ್ತಡದಿಂದ ಇದು ಆರೇ ಕಂತುಗಳಿಗೆ ನಿಂತಿತು. ಇಂಥವನ್ನು ‘ಆ ಕಾಲ ಹಾಗಿತ್ತು’ ಎಂದು ತೇಲಿಸುವುದು ಸಲ್ಲದು. ಆ ಕಾಲದ ನಿಯಂತ್ರಕರಿಗೇ ಅದು ಸಹ್ಯವಾಗಿರಲಿಲ್ಲ.

ಪ್ರಸಾರದ ಹಾದಿ ಕೀರ್ತಿಯನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಭಾರತದಲ್ಲೂ ಒಂದು ಸಾಕ್ಷಿಯಿದೆ. ವಲಸಿಗರನ್ನು ಅಚ್ಚುಪಾತ್ರಗಳಾಗಿಸಿತೆಂಬ ಟೀಕೆಗೆ ಗುರಿಯಾದ ‘ಮೈಂಡ್ ಯುವರ್ ಲ್ಯಾಂಗ್ವೇಜ್’ (1977) ಬ್ರಿಟನ್ನಿನಲ್ಲಿ ಬದಿಗೆ ಸರಿದರೂ ಇಲ್ಲಿ 1990ರ ದಶಕದಲ್ಲಿ ಪಂಕಜ್ ಕಪೂರ್ ನಟಿಸಿದ ‘ಜಬಾನ್ ಸಂಭಾಲ್ ಕೇ’ ಆಗಿ ಮರುಹುಟ್ಟು ಪಡೆಯಿತು.

4. ಸಮಾರೋಪ

ಮೇಲಿನ ಮೂರು ಕೃತಿಗಳೂ ಇಂದು ಅಪರಿಚಿತ, ಆದರೆ ಅಪರಿಚಿತತೆಯ ಕಾರಣ ಒಂದೊಂದಕ್ಕೂ ಬೇರೆ. ‘ದಿ ರ‍್ಯಾಗ್ ಟ್ರೇಡ್’ಗೆ ಪ್ರಮುಖ ಕೃತಿಗಳ ಸಾಲಿನಲ್ಲಿ ಸ್ಥಾನ ಸಲ್ಲಬೇಕು. ‘ಆಲ್ ಗ್ಯಾಸ್ ಅಂಡ್ ಗೇಟರ್ಸ್’ ಕುರಿತ ತೀರ್ಪನ್ನು ತಡೆಹಿಡಿಯಬೇಕು. ‘ಕರಿ ಅಂಡ್ ಚಿಪ್ಸ್’ ಇತಿಹಾಸಕಾರರಿಗೆ ದಾಖಲೆಯಾಗಿ ಬೇಕು, ಹಾಸ್ಯವಾಗಿ ಸೋತಿದೆ. ಹಳೆಯ ಧಾರಾವಾಹಿಗಳನ್ನು ಶಿಫಾರಸು ಮಾಡುವ ಪಟ್ಟಿಗಳು ಪ್ರತಿ ಹೆಸರಿನ ಪಕ್ಕದಲ್ಲಿ ಎಷ್ಟು ಕಂತು ತಯಾರಾದವು, ಎಷ್ಟು ಉಳಿದಿವೆ, ಉಳಿದ ಪ್ರತಿ ಯಾವ ಬಗೆಯದು ಎಂಬ ವಿವರವನ್ನು ಕೊಟ್ಟ ಮೇಲೆಯೇ ಗುಣದ ಮಾತೆತ್ತಬೇಕು. ಆ ವಿವರವಿಲ್ಲದ ತೀರ್ಪು ಕೃತಿಗಿಂತ ಹೆಚ್ಚಾಗಿ ಉಗ್ರಾಣದ ಚರಿತ್ರೆಯನ್ನೇ ಹೇಳುತ್ತಿರುತ್ತದೆ.