ತಿರುಮಲಾಂಬ ಮತ್ತು ಒಂದು ವಿಮರ್ಶೆಯ ಕಥೆ

ನಮ್ಮ ಅನುಗೊಂಡನಹಳ್ಳಿಗೆ ತಾಲ್ಲೂಕು ಕೇಂದ್ರ ಹೊಸಕೋಟೆ. ಆದರೆ ನಮ್ಮ ಮನೆಯ ನೆಂಟಸ್ತಿಕೆಯೆಲ್ಲ ಮಾಲೂರಿನ ಕಡೆಗೆ. ಆ ತಾಲ್ಲೂಕಿನ ಮಾಸ್ತಿ ಎಂಬ ಊರಿನ ಹೆಸರನ್ನು ಕನ್ನಡ ಓದುವವರೆಲ್ಲ ಬಲ್ಲರು. ಹೀಗಾಗಿ ಮಾಸ್ತಿ ವೆಂಕಟೇಶ ಅಯ್ಯಂಗಾರರು ನನಗೆ ಬರೀ ಪಠ್ಯಪುಸ್ತಕದ ಲೇಖಕರಲ್ಲ, ‘ನಮ್ಮ ಕಡೆಯವರು’. ಶಾಲೆಯಲ್ಲಿ ಅವರ ಕಥೆ ಪಾಠಕ್ಕೆ ಬಂದಾಗ ಮೇಷ್ಟರ ದನಿಯಲ್ಲೇ ಒಂದು ಹೆಮ್ಮೆ ಇರುತ್ತಿತ್ತು.

ಪಿಎಚ್‌.ಡಿ.ಗೆ ಸೇರಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿಕೊಂಡ ಲೇಖಕಿಯರ ಬಗ್ಗೆ ಓದತೊಡಗಿದ ಮೇಲೆ ಆ ಹೆಮ್ಮೆಗೆ ಮೊದಲ ಪೆಟ್ಟು ಬಿತ್ತು. ನಂಜನಗೂಡು ತಿರುಮಲಾಂಬ ಅವರ ಬಗ್ಗೆ ಯಾರು ಮಾತಾಡಿದರೂ ಒಂದು ಮಾತು ತಪ್ಪದೆ ಬರುತ್ತದೆ: ಮಾಸ್ತಿಯವರ ಕಟುವಾದ ವಿಮರ್ಶೆಯ ನಂತರ ಆಕೆ ಬರೆಯುವುದನ್ನೇ ಬಿಟ್ಟರು.

ತಿರುಮಲಾಂಬ ಹುಟ್ಟಿದ್ದು 1887ರಲ್ಲಿ, ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರರು ವಕೀಲರು. ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದ ಸಂಪ್ರದಾಯಸ್ಥ ಮನೆಗಳಲ್ಲಿ ಅಲ್ಲಿಗೆ ಹೆಣ್ಣಿನ ಕಥೆ ಮುಗಿಯುತ್ತಿತ್ತು. ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು. 1913ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಆಕೆ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆ ಆರಂಭಿಸಿದರು. ಅದರಲ್ಲಿ ಬಂದ ಮೊದಲ ಕಾದಂಬರಿ ಅವರದೇ ‘ಸುಶೀಲೆ’. ಆಮೇಲೆ ‘ನಭಾ’, ‘ವಿರಾಗಿಣಿ’, ‘ಮಾತೃನಂದಿನಿ’, ‘ಮಣಿಮಾಲಾ’. ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಎಂಬ ಎರಡು ಪತ್ರಿಕೆಗಳನ್ನೂ ನಡೆಸಿದರು. ನನಗೀಗ ಇಪ್ಪತ್ತೆಂಟು. ಫೆಲೋಶಿಪ್ಪಿನ ಹಣ ಎರಡು ತಿಂಗಳು ತಡವಾದರೆ ಕೈಕಾಲು ಆಡುವುದಿಲ್ಲ. ಈ ವಯಸ್ಸಿಗೆ ಆಕೆ ಒಂದು ಪ್ರಕಾಶನದ ಒಡತಿ.

ಸರಿಯಾಗಿ ಆ ದಿನಗಳಲ್ಲೇ, ಐರ್ಲೆಂಡಿನ ಡಬ್ಲಿನ್ ಬಳಿ ಕವಿ ಡಬ್ಲ್ಯು. ಬಿ. ಯೇಟ್ಸರ ತಂಗಿಯರು ಕ್ವಾಲಾ ಪ್ರೆಸ್ ಎಂಬ ಮುದ್ರಣಾಲಯ ನಡೆಸುತ್ತಿದ್ದರು. 1908ರಲ್ಲಿ ಆ ಹೆಸರು ಪಡೆದ ಪ್ರೆಸ್ ಅದು. ಅಲ್ಲಿ ಅಚ್ಚು ಜೋಡಿಸುವವರೂ ಹೆಂಗಸರೇ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪ್ರೆಸ್ಸಿನ ಹೆಸರು ಗೊತ್ತಿರುತ್ತದೆ, ಏಕೆಂದರೆ ಅಲ್ಲಿ ಅಚ್ಚಾದದ್ದು ಯೇಟ್ಸರ ಪುಸ್ತಕಗಳು. ನಂಜನಗೂಡಿನ ಗ್ರಂಥಮಾಲೆಗೆ ಅಂಥ ಪ್ರಸಿದ್ಧ ಅಣ್ಣನಿರಲಿಲ್ಲ.

ಇನ್ನು ಕೃತಿಗಳ ಮಾತು. ‘ಸುಶೀಲೆ’ ಹೆಸರೇ ಹೇಳುವ ಹಾಗೆ ಆದರ್ಶ ಗೃಹಿಣಿಯ ಕಥೆ. ನಾಯಕಿ ತಪ್ಪು ಮಾಡುವವಳಲ್ಲ, ಸಿಡುಕುವವಳೂ ಅಲ್ಲ. ಕಥೆ ಒಂದಷ್ಟು ದೂರ ಸಾಗಿ ನಿಲ್ಲುತ್ತದೆ, ಉಪದೇಶ ಶುರುವಾಗುತ್ತದೆ. ಮೊದಲ ಓದಿಗೆ ನಾನು ಪೆನ್ಸಿಲ್ ಕೆಳಗಿಟ್ಟು ಆಕಳಿಸಿದ್ದು ನಿಜ. ಒಂದು ವಿಚಾರ ಸಂಕಿರಣದಲ್ಲಿ ಹಿರಿಯರೊಬ್ಬರು, ‘ಇದರಲ್ಲಿ ಸಂಶೋಧನೆ ಮಾಡಲು ಏನಿದೆಯಮ್ಮಾ, ಕಲೆಯೇ ಇಲ್ಲವಲ್ಲ’ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹೊಳೆದದ್ದು ‘ನಭಾ’ ಓದಿದಾಗ. ಅದು ಪತ್ರಗಳ ರೂಪದ ಕಾದಂಬರಿ. ಆಗತಾನೆ ಅಕ್ಷರ ಕಲಿತ ಹೆಣ್ಣುಮಗಳು ಮೊದಲು ಬರೆಯುವುದು ಏನನ್ನು? ತವರಿಗೆ ಕಾಗದ. ಹೊಸಿಲು ದಾಟಲಾಗದವಳ ಮಾತು ಹೊಸಿಲು ದಾಟುವ ದಾರಿ ಅದೊಂದೇ. ಕಾದಂಬರಿಯನ್ನು ಆ ರೂಪದಲ್ಲಿ ಕಟ್ಟಿದ ಲೇಖಕಿಗೆ ತನ್ನ ಓದುಗಳು ಯಾರು, ಅವಳ ಕೈಗೆ ಯಾವುದು ನಿಲುಕುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಉಪದೇಶಕ್ಕೂ ಇದೇ ಲೆಕ್ಕ ಇದ್ದಿರಬೇಕೆಂದು ನನಗನ್ನಿಸುತ್ತದೆ. ವಿಧವೆಯೊಬ್ಬಳು ಬರೆದ ಕಾದಂಬರಿ ಮನೆಯ ಸೊಸೆಯ ಕೈ ಸೇರಬೇಕಾದರೆ ಮೊದಲು ಮಾವನ ಕಣ್ಣು ದಾಟಬೇಕು. ಮುಖಪುಟದ ಮೇಲೆ ‘ಸತೀಹಿತೈಷಿಣೀ’ ಎಂದಿದ್ದರೆ ಯಾವ ಮಾವ ತಡೆದಾನು?

ಮಾಸ್ತಿಯವರ ತಕ್ಕಡಿ ಬೇರೆಯದು. ಅವರ ಮೊದಲ ಸಂಕಲನ ‘ಕೆಲವು ಸಣ್ಣ ಕತೆಗಳು’ ಬಂದದ್ದು 1920ರಲ್ಲಿ. ತಿರುಮಲಾಂಬ ಆ ಹೊತ್ತಿಗೆ ಏಳು ವರ್ಷಗಳಿಂದ ಪ್ರಕಟಿಸುತ್ತಿದ್ದರು. ವಯಸ್ಸಿನಲ್ಲೂ ಅವರು ನಾಲ್ಕು ವರ್ಷ ಹಿರಿಯರು. ಆದರೆ ಮಾಸ್ತಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು, ಮೈಸೂರು ಸಿವಿಲ್ ಸರ್ವಿಸಿನ ಅಧಿಕಾರಿ, 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮಾತು ಕಡಿಮೆ, ಧ್ವನಿ ಹೆಚ್ಚು, ಉಪದೇಶ ಕಥೆಯೊಳಗೇ ಕರಗಿರಬೇಕು. ಇದು ಅವರು ಕನ್ನಡಕ್ಕೆ ಕಲಿಸಿದ ರುಚಿ. ಈ ರುಚಿಯಲ್ಲಿ ಬೆಳೆದ ನಾನು ‘ಸುಶೀಲೆ’ ಓದುತ್ತ ಆಕಳಿಸಿದೆನಲ್ಲ, ಆ ಆಕಳಿಕೆಯಲ್ಲೂ ಮಾಸ್ತಿಯವರ ಪಾಲಿದೆ.

ಹಾಗೆಂದು ಒಂದು ವಿಮರ್ಶೆಯೇ ಒಬ್ಬ ಲೇಖಕಿಯ ಬಾಯಿ ಮುಚ್ಚಿಸಿತು ಎಂಬ ಕಥೆಯನ್ನು ಹಾಗೇ ನಂಬಲು ನನಗೆ ಮನಸ್ಸಿಲ್ಲ. ಅದು ಊರಿನ ಅಭಿಮಾನವೋ ಏನೋ, ನೀವೇ ಹೇಳಿ. ನನ್ನ ತಕರಾರು ಇಷ್ಟು: ಈ ಕಥೆ ಮಾಸ್ತಿಯವರನ್ನು ತಪ್ಪಿತಸ್ಥರನ್ನಾಗಿ ಮಾಡಿ ಉಳಿದವರನ್ನೆಲ್ಲ ಬಿಟ್ಟುಬಿಡುತ್ತದೆ. ಕಟುವಿಮರ್ಶೆ ಯಾರಿಗೆ ಬಂದಿಲ್ಲ? ಅಂಥದ್ದು ಬಂದಾಗ ಗಂಡಸು ಲೇಖಕನಿಗೆ ಗೆಳೆಯರ ಬಳಗವಿರುತ್ತಿತ್ತು, ಕಾಲೇಜಿನ ಕರ್ಣಾಟಕ ಸಂಘವಿರುತ್ತಿತ್ತು, ಪರಿಷತ್ತಿನ ಜಗಲಿಯಿರುತ್ತಿತ್ತು. ಒಬ್ಬರು ತೆಗಳಿದರೆ ಇನ್ನೊಬ್ಬರು ಎತ್ತಿ ಹಿಡಿಯುತ್ತಿದ್ದರು. ತಿರುಮಲಾಂಬ ಅವರನ್ನು ಓದಿದವರು ಅಡುಗೆಮನೆಯಲ್ಲಿದ್ದರು, ಅವರ ಮೆಚ್ಚುಗೆ ಅಚ್ಚಾಗಲಿಲ್ಲ. ‘ಸುಶೀಲೆ’ ಮರುಮುದ್ರಣಗಳನ್ನು ಕಂಡ ಪುಸ್ತಕ, ಅಂದರೆ ಜನ ಕೊಂಡಿದ್ದಾರೆ. ಆದರೆ ಕೊಂಡವರ ಅಭಿಪ್ರಾಯಕ್ಕೆ ಸಾಹಿತ್ಯ ಚರಿತ್ರೆಯಲ್ಲಿ ಸ್ಥಳ ಸಿಕ್ಕಲಿಲ್ಲ.

ಇಲ್ಲಿ ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಮಾಸ್ತಿಯವರೂ ತಮ್ಮ ಅನೇಕ ಪುಸ್ತಕಗಳನ್ನು ತಾವೇ ‘ಜೀವನ ಕಾರ್ಯಾಲಯ’ದಿಂದ ಪ್ರಕಟಿಸಿದವರು. ಬರೆದು, ಅಚ್ಚು ಹಾಕಿಸಿ, ಓದುಗನ ಮನೆಗೆ ಮುಟ್ಟಿಸುವ ಕಷ್ಟ ಅವರಿಗೂ ಗೊತ್ತಿತ್ತು. ಆ ಒಂದು ವಿಷಯವನ್ನಾದರೂ ಇಬ್ಬರೂ ಕೂತು ಮಾತಾಡಬಹುದಿತ್ತಲ್ಲ ಎನ್ನಿಸುತ್ತದೆ.

ತಿರುಮಲಾಂಬ ಮುಂದೆ ಮದರಾಸಿನಲ್ಲಿ ನೆಲೆಸಿದರು. ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ ಒಂದರ ಹಿಂದೊಂದು ಬಂದವು. ಆಕೆ 1982ರವರೆಗೆ ಬದುಕಿದ್ದರು! ಬಹುಕಾಲದ ಮರೆವಿನ ನಂತರ ಅವರನ್ನು ಮತ್ತೆ ಕನ್ನಡದ ಮುಂದೆ ತಂದವರು ಇಬ್ಬರು ಮಹಿಳೆಯರು. ಬೆಂಗಳೂರಿನ ಎನ್‌ಎಂಕೆಆರ್‌ವಿ ಕಾಲೇಜಿನಲ್ಲಿ ‘ಶಾಶ್ವತಿ’ ಕಟ್ಟಿದ ಚಿ.ನ. ಮಂಗಳಾ ಒಬ್ಬರು. ಅಲ್ಲಿಂದಲೇ ತಿರುಮಲಾಂಬ ಹೆಸರಿನ ಪ್ರಶಸ್ತಿ ಆರಂಭವಾಯಿತು. ಇನ್ನೊಬ್ಬರು ವಿಜಯಾ ದಬ್ಬೆ. ಅವರ ‘ಹಿತೈಷಿಣಿಯ ಹೆಜ್ಜೆಗಳು’ ನನ್ನಂಥವರಿಗೆ ಇಂದಿಗೂ ಮೊದಲ ದಾರಿ. ಹೆಸರಿಗೆ ಗೌರವ ಸಿಕ್ಕಿದೆ, ಕಾದಂಬರಿಗಳಿಗೆ ಓದುಗರು ಅಷ್ಟಾಗಿ ಸಿಕ್ಕಿಲ್ಲ. ಎಂ.ಎ. ತರಗತಿಯಲ್ಲಿ ಆಕೆ ‘ಮೊದಲಿಗರು’ ಎಂಬ ಒಂದು ವಾಕ್ಯವಾಗಿ ಬಂದುಹೋದರು. ಆ ವರ್ಷ ಅವರ ಒಂದು ಪುಟವನ್ನೂ ನಾವು ಓದಲಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ‘ನಭಾ’ದ ನೆರಳಚ್ಚು ಪ್ರತಿ ನನ್ನ ಚೀಲದಲ್ಲಿತ್ತು. ನಮ್ಮಜ್ಜಿ ಮೂರನೇ ಕ್ಲಾಸಿನವರೆಗೆ ಓದಿದವರು. ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಿದ್ದವರ ಪಕ್ಕ ಕೂತು ಒಂದು ಕಾಗದ ಓದಿ ಹೇಳಿದೆ. ಸಂಸ್ಕೃತ ಪದ ಬಂದ ಕಡೆ ತಡೆದು ಅರ್ಥ ಕೇಳಿದರು. ಉಪದೇಶ ಬಂದ ಕಡೆ ತಲೆಯಾಡಿಸಿದರು. ನಾನು ನಿಲ್ಲಿಸಿದೆ. ಅಜ್ಜಿ ಕೈಯಲ್ಲಿದ್ದ ಕಾಯನ್ನು ಹಾಗೇ ಹಿಡಿದುಕೊಂಡು, ‘ಅದಕ್ಕೆ ಆಯಮ್ಮ ಏನಂತ ಬರೆದಳು, ಅದನ್ನೂ ಓದು’ ಅಂದರು.