ಧಣಿಯ ಹೊಣೆ: ಭಟೇರಿಯಿಂದ ಮರೋಳದವರೆಗೆ

ಹುನಗುಂದ ತಾಲೂಕಿನ ಮರೋಳದ ಹೆಸರು ಪತ್ರಿಕೆಗಳಿಗೆ ಗೊತ್ತಾದದ್ದು ನೀರಿನಿಂದ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ 24,000 ಹೆಕ್ಟೇರು ಹೊಲಕ್ಕೆ ಹನಿ ಹನಿಯಾಗಿ ಹರಿಸುವ ರಾಮಥಾಳ-ಮರೋಳ ಯೋಜನೆ ಬಂದಾಗ ಏಷಿಯಾದಲ್ಲೇ ದೊಡ್ಡದು ಅಂತ ಬರೆದರು. ಕೊಳವೆಯ ಲೆಕ್ಕ ಬರೆದರು, ಕಂಪನಿಗಳ ಹೆಸರು ಬರೆದರು, ಇಸ್ರೇಲಿನ ತಂತ್ರಜ್ಞಾನ ಅಂತ ಹೊಗಳಿದರು. ಆ ಹೊಲಗಳಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಂಗಸರ ಲೆಕ್ಕ ಮಾತ್ರ ಆ ಬರಹಗಳಲ್ಲಿ ಕಾಣಲಿಲ್ಲ.

ನಾವು ಕೇಳುವ ಪ್ರಶ್ನೆ ಆ ಹೆಂಗಸರದು. ಕೂಲಿಗೆ ಹೋದ ಕೇರಿಯ ಹೆಣ್ಣುಮಗಳ ಸೆರಗಿಗೆ ಉಸ್ತುವಾರಿಯವನೊಬ್ಬ ಕೈ ಹಾಕಿದರೆ ಜವಾಬು ಯಾರು ಹೇಳಬೇಕು? ಕೈ ಹಾಕಿದವನು, ಸರಿ. ಅವನಿಗೆ ಪೊಲೀಸರಿದ್ದಾರೆ, ಕೋರ್ಟಿದೆ. ಇದೆ ಅಂತ ಹೇಳುತ್ತಾರೆ. ಆದರೆ ಅವನನ್ನು ಅಲ್ಲಿ ನಿಲ್ಲಿಸಿದ ಧಣಿ? ಅವಳ ದುಡಿಮೆಯ ಲಾಭ ಉಂಡವನು? "ನನಗೇನೂ ಗೊತ್ತಿಲ್ಲ" ಅಂದು ಅವನು ಕೈ ತೊಳಕೊಳ್ಳಬಹುದೆ?

ಈ ದೇಶದ ಕಾನೂನು ಧಣಿಯ ಹೊಣೆಯನ್ನು ಅರಿಯದ್ದೇನಲ್ಲ. ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ, ಬ್ರಿಟಿಷರ ಕಾಲಕ್ಕೆ. ಗಿರಣಿಯ ಯಂತ್ರಕ್ಕೆ ಸಿಕ್ಕು ಕೂಲಿಯವನ ಕೈ ಹೋದರೆ ಮಾಲಿಕ ಹಣ ಕಟ್ಟಬೇಕು ಅಂತ ಅಂದೇ ಬರೆದರು. ಯಂತ್ರದ ಹಲ್ಲಿಗೆ ಮಾಲಿಕ ಹೊಣೆ. ಆದರೆ ಅದೇ ಗಿರಣಿಯಲ್ಲಿ ಹೆಣ್ಣಾಳಿನ ಮೈಮೇಲೆ ಮೇಸ್ತ್ರಿಯ ಕೈ ಬಿದ್ದರೆ ಮಾಲಿಕನೂ ಹೊಣೆ ಅನ್ನಲು ಇನ್ನೂ 74 ವರ್ಷ ಬೇಕಾಯಿತು.

ಹಳ್ಳಿಯಲ್ಲಂತೂ ಆ ಮಾತೇ ಇರಲಿಲ್ಲ. ನಮ್ಮ ಕಡೆ ಕೆಲಸ ಕೊಡುವವನಿಗೆ ಧಣಿ ಅನ್ನುತ್ತಾರೆ, ಸಾವ್ಕಾರ ಅನ್ನುತ್ತಾರೆ, ಗೌಡ್ರು ಅನ್ನುತ್ತಾರೆ. ಈ ಶಬ್ದಗಳಲ್ಲಿ ಒಡೆತನ ಇದೆ, ಹೊಣೆ ಇಲ್ಲ. 1976ರ ಕಾಯ್ದೆ ಜೀತ ರದ್ದು ಮಾಡಿತು. ಜೀತದ ಸಾಲ ಹರಿಯಿತು, ಕಾಗದ ಹರಿದರು. ಜೀತದವನ ಹೆಂಡತಿ, ಮಗಳು ಧಣಿಯ ದನದ ಕೊಟ್ಟಿಗೆಯಲ್ಲಿ ಕಸ ಬಳಿಯುವಾಗ ಏನೇನು ತಾಳಿಕೊಂಡಳು ಎಂಬುದು ಯಾವ ಸಾಲಪತ್ರದಲ್ಲೂ ಇರಲಿಲ್ಲ. ಹಾಗಾಗಿ ಯಾವ ಕಾಯ್ದೆಯೂ ಅದನ್ನು ರದ್ದು ಮಾಡಲಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮೊದಲ ಬಾರಿಗೆ ಒಂದು ಸತ್ಯ ಅಕ್ಷರಕ್ಕೆ ಇಳಿಯಿತು. ದಲಿತ, ಆದಿವಾಸಿ ಹೆಣ್ಣಿನ ಇಚ್ಛೆಯನ್ನು ಅದುಮುವ ಸ್ಥಾನದಲ್ಲಿ ಇದ್ದವನು ಆ ಸ್ಥಾನದ ಬಲದಿಂದ ಅವಳನ್ನು ಬಳಸಿಕೊಂಡರೆ ಅದು ಅಪರಾಧ. ಕೂಲಿ ಕೊಡುವ ಕೈಗೇ ಹೆದರಿಸುವ ಬಲವೂ ಇದೆ ಅಂತ ಕಾನೂನು ಒಪ್ಪಿಕೊಂಡ ಹಾಗಾಯಿತು. ಆದರೂ ಅಲ್ಲಿ ಹಿಡಿದದ್ದು ತಪ್ಪು ಮಾಡಿದವನನ್ನು. ಅವನಿಗೆ ಕೆಲಸ ಕೊಟ್ಟವನನ್ನಲ್ಲ.

ಧಣಿಯ ಕಡೆಗೆ ಬೆರಳು ತಿರುಗಿದ್ದು ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಿಂದ. ಈ ಕತೆಯನ್ನು ನಾವು ನಿಧಾನವಾಗಿ ಓದಬೇಕು. ಕುಂಬಾರರ ಹೆಣ್ಣುಮಗಳು ಭಂವರಿ ದೇವಿ. 1985ರಿಂದ ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್', ಅಂದರೆ ಜೊತೆಗಾತಿ. ಮನೆ ಮನೆಗೆ ಹೋಗಿ ಬುದ್ಧಿ ಹೇಳುವುದು, ಬಾಲ್ಯವಿವಾಹ ತಡೆಯುವುದು ಅವಳಿಗೆ ಒಪ್ಪಿಸಿದ ಕೆಲಸ. ಕೊಡುತ್ತಿದ್ದದ್ದು ಸಂಬಳ ಅಲ್ಲ, ಗೌರವಧನ. 1992ರಲ್ಲಿ ಊರಿನ ಮೇಲ್ಜಾತಿ ಮನೆಯೊಂದರ ಹಸುಗೂಸಿನ ಮದುವೆ ತಡೆಯಲು ಹೋದಳು. ಊರು ಅವಳಿಗೆ ಬಹಿಷ್ಕಾರ ಹಾಕಿತು. ಸೆಪ್ಟೆಂಬರ್ 22ರಂದು ಹೊಲದಲ್ಲಿ ಐದು ಮಂದಿ ಬಂದು ಗಂಡನನ್ನು ಬಡಿದು, ಅವಳ ಮೇಲೆ ಅತ್ಯಾಚಾರ ಮಾಡಿದರು ಎಂದು ಅವಳು ದೂರು ಕೊಟ್ಟಳು. 1995ರ ನವೆಂಬರಿನಲ್ಲಿ ಜೈಪುರದ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಅವರನ್ನು ಬಿಟ್ಟುಬಿಟ್ಟಿತು. ಮೇಲ್ಜಾತಿಯವರು ಕೆಳಜಾತಿಯವಳನ್ನು ಮುಟ್ಟಿ ಮೈಲಿಗೆ ಆಗಲಾರರು ಎಂಬ ತರ್ಕ ಆ ತೀರ್ಪಿನಲ್ಲಿ ಇತ್ತೆಂದು ದೇಶದ ಹೆಂಗಸರು ಬೀದಿಗೆ ಇಳಿದರು. ನೀರು ಮುಟ್ಟಿದರೆ ಮೈಲಿಗೆ, ಮೈ ಮುಟ್ಟಿದರೆ ಇಲ್ಲ ಅನ್ನುವುದು ನಮ್ಮ ಕೇರಿಗಳಿಗೆ ಹೊಸ ಸುದ್ದಿಯೇನಲ್ಲ.

ಇಲ್ಲಿ ಧಣಿ ಯಾರು? ಸರಕಾರ. ಅವಳನ್ನು ಆ ಮನೆಗೆ ಕಳಿಸಿದ್ದು ಸರಕಾರ. ಏಟು ಬಿದ್ದಾಗ ಸರಕಾರ ಅಂದದ್ದು: ಅವಳು ತನ್ನ ಹೊಲದಲ್ಲಿ ಇದ್ದಳು, ಕೆಲಸದ ಮೇಲೆ ಇರಲಿಲ್ಲ, ನಮ್ಮ ಹೊಣೆ ಅಲ್ಲ. ಈ ಜಾಗ ಹಿಡಿದು ವಿಶಾಖಾ ಮತ್ತು ಇತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಸುಜಾತಾ ಮನೋಹರ್, ಬಿ.ಎನ್. ಕೃಪಾಲ್ ಅವರ ಪೀಠ ತೀರ್ಪು ಕೊಟ್ಟಿತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಅಂದರೆ ಸಂವಿಧಾನದ 14, 15, 19, 21ನೇ ವಿಧಿಗಳ ಮೇಲಿನ ಏಟು. ಅದನ್ನು ತಡೆಯುವುದು ಮಾಲಿಕನ ಕರ್ತವ್ಯ. ಹೆಣ್ಣುಮಗಳ ಅಧ್ಯಕ್ಷತೆಯ ದೂರು ಸಮಿತಿ ಇರಲೇಬೇಕು. ದೊಡ್ಡ ಗೆಲುವು. ಆದರೆ ಆ ತೀರ್ಪನ್ನು ತೆರೆದು ನೋಡಿ. ಭಂವರಿಯ ಹೆಸರಿಲ್ಲ. ರಾಜಸ್ಥಾನದ ಹಳ್ಳಿಯ ಒಬ್ಬ ಸಮಾಜಸೇವಕಿ ಅಂತ ಒಂದು ಸಾಲು, ಆ ಘಟನೆ ಬೇರೆ ಮೊಕದ್ದಮೆಯ ವಿಷಯ ಅಂತ ಇನ್ನೊಂದು. ಜಾತಿಯ ಮಾತು ಚರ್ಚೆಗೇ ಬರಲಿಲ್ಲ. ಯಾರ ನೋವಿನಿಂದ ನಿಯಮ ಹುಟ್ಟಿತೋ ಅವಳು ನಿಯಮದ ಹೊರಗೆ ನಿಂತಳು.

ಹೊಲದಲ್ಲಿ ಹುಟ್ಟಿದ್ದು ಶಹರದ ಆಫೀಸಿಗೆ ಹೋಗಿ ಸೇರಿತು. ನಮ್ಮ ರಾಜ್ಯದ ಎರಡು ಪ್ರಕರಣ ಹೇಳುತ್ತೇವೆ. 2003ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಮೇಲೆ ಅಮೆರಿಕದಲ್ಲಿ ಅಲ್ಲಿನ ಮಹಿಳಾ ನೌಕರಳೊಬ್ಬಳು ಹಾಕಿದ್ದ ಕಿರುಕುಳದ ದಾವೆ ಕೋರ್ಟಿನ ಹೊರಗೆ 30 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ಕಂಪನಿ ಮತ್ತು ಅದರ ವಿಮೆ ಸೇರಿ ಕಟ್ಟಿದವು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ರಾತ್ರಿ ಪಾಳಿಗೆ ಹೊರಟಿದ್ದ ಕಾಲ್ ಸೆಂಟರಿನ ಹೆಣ್ಣುಮಗಳನ್ನು ಟ್ಯಾಕ್ಸಿ ಚಾಲಕ ಕೊಂದ. ರಕ್ಷಣೆಯ ಷರತ್ತು ಪಾಲಿಸಲಿಲ್ಲ ಅಂತ ಕಾರ್ಮಿಕ ಇಲಾಖೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಮೇಲೆಯೇ ಮೊಕದ್ದಮೆ ಹಾಕಿತು. ರದ್ದು ಮಾಡಿ ಅಂತ ಅವರು ಸುಪ್ರೀಂ ಕೋರ್ಟಿನ ತನಕ ಹೋದರು. 2008ರಲ್ಲಿ ಅಲ್ಲೂ ರದ್ದಾಗಲಿಲ್ಲ. ಚಾಲಕ ಬೇರೆ, ನಾವು ಬೇರೆ ಅನ್ನುವ ಮಾತು ಪೂರ್ತಿ ನಡೆಯಲಿಲ್ಲ.

ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ, ತೀರ್ಪಿನ 16 ವರ್ಷಕ್ಕೆ. ಹಳ್ಳಿಯ ಶಿಕ್ಷಕರು ಇದನ್ನು ಒಮ್ಮೆ ಓದಬೇಕು. ದಿನಗೂಲಿಯವಳೂ ಇದರಲ್ಲಿ ನೌಕರಳೆ. ಗುತ್ತಿಗೆದಾರನ ಮೂಲಕ ಬಂದವಳೂ ನೌಕರಳೆ, ಮೂಲ ಮಾಲಿಕನಿಗೆ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ. ಸಂಬಳವಿಲ್ಲದೆ ಸ್ವಯಂಸೇವೆ ಅಂತ ದುಡಿಯುವವಳೂ ನೌಕರಳೆ. ಈ ಕೊನೆಯ ಮಾತಿನ ಬೆಲೆ ನಮ್ಮ ಅಂಗನವಾಡಿಯ ಅಕ್ಕಂದಿರಿಗೆ ಗೊತ್ತಾಗಬೇಕು. ಕರ್ನಾಟಕ ಸರಕಾರವೇ ಕಕ್ಷಿಯಾಗಿದ್ದ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಅವರು ಸರಕಾರಿ ಹುದ್ದೆಯವರಲ್ಲ ಅಂದಿತ್ತು. ಭಂವರಿಗೆ ಕೊಟ್ಟದ್ದೂ ಗೌರವಧನ, ಇವರಿಗೆ ಕೊಡುವುದೂ ಗೌರವಧನ. ಹುದ್ದೆ ಇಲ್ಲದಿದ್ದರೂ 2013ರ ಕಾಯ್ದೆಯ ಮುಂದೆ ಅವರಿಗೊಬ್ಬ ಧಣಿ ಇದ್ದಾನೆ.

ಆದರೆ ಕಾಯ್ದೆಯ ಹಲ್ಲು ಎಷ್ಟು ಗಟ್ಟಿ? ಪರಿಹಾರ ಕೊಡಬೇಕಾದವನು ಕಿರುಕುಳ ಕೊಟ್ಟವನು, ಅವನ ಸಂಬಳದಿಂದ. ಧಣಿಗೆ ಬೀಳುವುದು ದಂಡ, ಅದೂ ಸಮಿತಿ ಮಾಡದಿದ್ದರೆ, ಕಾಯ್ದೆ ಮೀರಿದರೆ, 50,000 ರೂಪಾಯಿಯವರೆಗೆ. ಎರಡನೇ ಸಲಕ್ಕೆ ಇಮ್ಮಡಿ, ಲೈಸೆನ್ಸೂ ಹೋಗಬಹುದು. 30 ಲಕ್ಷ ಡಾಲರಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಹತ್ತು ಜನಕ್ಕಿಂತ ಕಡಿಮೆ ಇದ್ದಲ್ಲಿ ಧಣಿ ಸಮಿತಿ ಮಾಡಬೇಕಾಗಿಯೂ ಇಲ್ಲ. ಅಂಥ ಹೊಲ, ಕಲ್ಲಿನ ಕ್ವಾರಿ, ನೇಕಾರಿಕೆಯ ಮನೆಗಳಿಗೆ, ಧಣಿಯೇ ಕೈ ಹಾಕಿದ ಪ್ರಕರಣಕ್ಕೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ. ಮರೋಳದವಳ ಪಾಲಿಗೆ ಅದು ಬಾಗಲಕೋಟೆಯದು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಇವರೆಲ್ಲರಿಗೂ ಸೇರಿ ಒಂದು ಕುರ್ಚಿ ಖಾತ್ರಿ. ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಲು ತಾಲೂಕಿಗೊಬ್ಬ ನೋಡಲ್ ಅಧಿಕಾರಿ. ಗೋವಾದ ಒಂದು ಪ್ರಕರಣದಲ್ಲಿ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಬಂದು ಹತ್ತು ವರ್ಷವಾದರೂ ಜಾರಿ ಶೋಚನೀಯ ಅಂತ ಹೇಳಿತು. ಅದೇ ಪ್ರಕರಣದಲ್ಲಿ 2024ರ ಡಿಸೆಂಬರಿನಲ್ಲಿ, 2025ರ ಜನವರಿ 31ರೊಳಗೆ ಎಲ್ಲ ಜಿಲ್ಲೆಗಳಲ್ಲಿ ಸ್ಥಳೀಯ ಸಮಿತಿ ಆಗಲೇಬೇಕು ಅಂತ ಗಡುವು ಹಾಕಬೇಕಾಯಿತು. ಗಡುವು ಹಾಕಿದ್ದಾರೆ ಅಂದರೆ ಎಷ್ಟು ಕಡೆ ಇರಲಿಲ್ಲ ಅಂತ ನೀವೇ ಲೆಕ್ಕ ಹಾಕಿ.

ಇನ್ನೊಂದು ಲೆಕ್ಕವೂ ಇದೆ. ದೂರು ಬರಹದಲ್ಲಿ ಇರಬೇಕು. ಬರೆಯಲು ಬಾರದವಳಿಗೆ ಸಮಿತಿಯವರೇ ನೆರವಾಗಬೇಕು ಅನ್ನುತ್ತದೆ ಕಾಯ್ದೆ. ಅವಧಿ ಮೂರು ತಿಂಗಳು. ಕಾರಣ ಒಪ್ಪಿಗೆಯಾದರೆ ಇನ್ನು ಮೂರು. ನಮ್ಮ ಕಡೆಯ ಹೆಣ್ಣುಮಕ್ಕಳು ದೀಪಾವಳಿ ಮುಗಿಸಿ ಗಂಡನ ಜೊತೆ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದರೆ ಊರ ಮುಖ ನೋಡುವುದು ಉಗಾದಿಗೆ. ಅಷ್ಟರಲ್ಲಿ ಐದು ತಿಂಗಳು.